ಮೂರು ವಲಸೆ, ಒಂದು ಸೂರು: ಬ್ರಿಕ್ ಲೇನ್ ಮಸೀದಿಯ ಚರಿತ್ರೆ ಮತ್ತು ಇಂದಿನ ಇಕ್ಕಟ್ಟು

ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಹಾಗೂ ಫೋರ್ನಿಯರ್ ಬೀದಿ ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಹಳೆಯ ಕಟ್ಟಡವೊಂದಿದೆ. ಅದರ ಗೋಡೆಯ ಮೇಲ್ಭಾಗದಲ್ಲಿ ಒಂದು ನೆರಳು ಗಡಿಯಾರ, ಅದರೊಡನೆ 1743 ಎಂಬ ಇಸವಿ, ಮನುಷ್ಯರೆಲ್ಲ ಬರಿಯ ನೆರಳು ಎಂಬರ್ಥದ ಲ್ಯಾಟಿನ್ ಬರಹ. ಇಂದು ಅದರ ಹೆಸರು ಬ್ರಿಕ್ ಲೇನ್ ಜಾಮೆ ಮಸೀದಿ. ಸುಮಾರು ಮೂರು ಸಾವಿರ ಮಂದಿ ಒಟ್ಟಿಗೆ ನಮಾಜು ಮಾಡಬಹುದಾದ ಈ ಮಸೀದಿ ಬಾಂಗ್ಲಾದೇಶದ ಸಿಲ್ಹೆಟ್ ಸೀಮೆಯಿಂದ ಬಂದವರ ಮುಖ್ಯ ಪ್ರಾರ್ಥನಾ ಸ್ಥಳಗಳಲ್ಲೊಂದು. ಅದಕ್ಕೂ ಮೊದಲು ಅದು ಯಹೂದಿಗಳ ಸಿನಗಾಗ್ ಆಗಿತ್ತು. ಅದಕ್ಕೂ ಮೊದಲು ಮೆಥಡಿಸ್ಟ್ ಪಂಥದವರ ಪ್ರಾರ್ಥನಾ ಮಂದಿರ. ಎಲ್ಲಕ್ಕೂ ಮೊದಲು, ಫ್ರಾನ್ಸಿನಿಂದ ಪ್ರಾಣಭಯದಲ್ಲಿ ಓಡಿಬಂದ ಪ್ರಾಟೆಸ್ಟೆಂಟರ ಇಗರ್ಜಿ.

ಒಂದೇ ಸೂರಿನ ಕೆಳಗೆ ಮೂರು ವಲಸಿಗ ಸಮುದಾಯಗಳು ಒಂದರ ನಂತರ ಒಂದು ಪ್ರಾರ್ಥಿಸಿದ ಈ ಕಟ್ಟಡವನ್ನು ಲಂಡನ್ನಿನ ಔದಾರ್ಯಕ್ಕೆ ಸಾಕ್ಷಿಯೆಂದು ತೋರಿಸುವುದು ರೂಢಿಯಾಗಿಬಿಟ್ಟಿದೆ. ಪ್ರವಾಸಿ ಮಾರ್ಗದರ್ಶಿಗಳಿಗಂತೂ ಇದಕ್ಕಿಂತ ಒಳ್ಳೆಯ ಕಥೆ ಸಿಗದು. ಆದರೆ ಕಟ್ಟಡದ ಚರಿತ್ರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಔದಾರ್ಯಕ್ಕಿಂತ ಹೆಚ್ಚಾಗಿ ಕಾಣುವುದು ಬಟ್ಟೆಯ ವ್ಯಾಪಾರ, ಕಡಿಮೆ ಬಾಡಿಗೆ ಮತ್ತು ಹೊಸಬರ ಮೇಲಿನ ಸಿಟ್ಟು. ಕಡಿಮೆ ಬಾಡಿಗೆಯ ಕಾಲ ಆ ಪ್ರದೇಶದಲ್ಲಿ ಮುಗಿದುಹೋಗಿರುವುದೇ ಮಸೀದಿಯ ಇಂದಿನ ಇಕ್ಕಟ್ಟಿಗೆ ಮೂಲ.

ಮಗ್ಗದವರು ಕಟ್ಟಿದ ಇಗರ್ಜಿ

1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ನಾಂಟ್ ಫರ್ಮಾನನ್ನು ರದ್ದುಪಡಿಸಿದ. ಪ್ರಾಟೆಸ್ಟೆಂಟರಿಗೆ ಧಾರ್ಮಿಕ ರಕ್ಷಣೆ ನೀಡಿದ್ದ ಆ ಫರ್ಮಾನು ಇಲ್ಲವಾಗುತ್ತಲೇ ಹ್ಯೂಗೆನೊ ಎಂದು ಕರೆಸಿಕೊಳ್ಳುತ್ತಿದ್ದ ಆ ಜನ ದೇಶ ಬಿಟ್ಟರು. ಸುಮಾರು 50 ಸಾವಿರ ಮಂದಿ ಇಂಗ್ಲೆಂಡಿಗೆ ಬಂದರೆಂದು ಇತಿಹಾಸಕಾರರ ಅಂದಾಜು. ನಿರಾಶ್ರಿತ ಎಂಬರ್ಥದ ‘ರೆಫ್ಯೂಜಿ’ ಎಂಬ ಪದ ಇಂಗ್ಲಿಷಿಗೆ ಬಂದದ್ದೇ ಇವರಿಂದ. ಲಂಡನ್ ನಗರದ ಗೋಡೆಯ ಹೊರಗಿದ್ದ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನಗರದ ವೃತ್ತಿಸಂಘಗಳ ಕಟ್ಟುಪಾಡು ಸಡಿಲವಾಗಿತ್ತು, ಜಾಗ ಅಗ್ಗವಾಗಿತ್ತು. ರೇಷ್ಮೆ ನೇಯುವವರು ಅಲ್ಲಿಯೇ ನೆಲೆಯೂರಿದರು. ಮಗ್ಗಕ್ಕೆ ಬೆಳಕು ಬೀಳಲೆಂದು ಅಟ್ಟದ ಉದ್ದಕ್ಕೂ ದೊಡ್ಡ ಕಿಟಕಿಗಳನ್ನಿಟ್ಟು ಕಟ್ಟಿದ ಅವರ ಮನೆಗಳು ಫೋರ್ನಿಯರ್ ಬೀದಿಯಲ್ಲಿ ಇಂದಿಗೂ ನಿಂತಿವೆ.

ಆ ಬೀದಿಯ ಇನ್ನೊಂದು ತುದಿಯಲ್ಲಿ ವಾಸ್ತುಶಿಲ್ಪಿ ನಿಕೊಲಸ್ ಹಾಕ್ಸ್‌ಮೂರ್ ರೂಪಿಸಿದ ಕ್ರೈಸ್ಟ್ ಚರ್ಚ್ 1729ರ ವೇಳೆಗೆ ಎದ್ದು ನಿಂತಿತ್ತು. ಅಧಿಕೃತ ಆಂಗ್ಲಿಕನ್ ಧರ್ಮಕ್ಕೆ ಸೇರದವರೇ ತುಂಬಿದ್ದ ಆ ಕೇರಿಯಲ್ಲಿ ರಾಜಧರ್ಮದ ಎತ್ತರವನ್ನು ತೋರಿಸುವುದೂ ಅದರ ಉದ್ದೇಶವಾಗಿತ್ತು. ಹ್ಯೂಗೆನೊಗಳು 1743ರಲ್ಲಿ ಕಟ್ಟಿದ್ದು ಗೋಪುರವಿಲ್ಲದ, ವಿಗ್ರಹವಿಲ್ಲದ, ಅಲಂಕಾರ ಕಡಿಮೆಯಿರುವ ವಿಶಾಲ ಸಭಾಂಗಣ. ‘ಹೊಸ ಇಗರ್ಜಿ’ ಎಂಬರ್ಥದ ಫ್ರೆಂಚ್ ಹೆಸರು. ಈ ಸರಳತೆ ಮುಂದೆ ಬಹಳ ಉಪಯೋಗಕ್ಕೆ ಬಂತು. ಮೂರ್ತಿಪೂಜೆಯನ್ನು ಒಪ್ಪದ ಪಂಥವೊಂದು ಕಟ್ಟಿದ ಬೋಳು ಸಭಾಂಗಣ, ಮೂರ್ತಿಪೂಜೆಯನ್ನು ಒಪ್ಪದ ಇನ್ನೆರಡು ಧರ್ಮಗಳಿಗೆ ಹೆಚ್ಚಿನ ಮಾರ್ಪಾಡಿಲ್ಲದೆ ಒದಗಿತು. ಹಾಕ್ಸ್‌ಮೂರನ ಚರ್ಚು ಹೀಗೆ ಕೈಬದಲಾಗುವುದನ್ನು ಊಹಿಸುವುದು ಕಷ್ಟ.

ಸ್ವಾಗತವೇನೂ ಎಲ್ಲೆಡೆ ಹಾರ್ದಿಕವಾಗಿರಲಿಲ್ಲ. ಫ್ರೆಂಚರು ಕಡಿಮೆ ಕೂಲಿಗೆ ದುಡಿದು ತಮ್ಮ ಅನ್ನ ಕಸಿಯುತ್ತಾರೆಂದು ಸ್ಥಳೀಯ ನೇಕಾರರು ದೂರಿದ್ದುಂಟು. ಆದರೆ ಸ್ಪಿಟಲ್‌ಫೀಲ್ಡ್ಸ್ ನೇಕಾರರೆಲ್ಲರ ಸಮಾನ ಶತ್ರು ಬೇರೆಯೇ ಇತ್ತು. ಅದು ಭಾರತದ ಹತ್ತಿ ಬಟ್ಟೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಂಗಾಳದಿಂದಲೂ ಕೋರಮಂಡಲ ಕರಾವಳಿಯಿಂದಲೂ ಬರುತ್ತಿದ್ದ ಅಚ್ಚಿನ ಬಟ್ಟೆ ಅಗ್ಗವಾಗಿತ್ತು, ಚಂದವಾಗಿತ್ತು, ಒಗೆದರೆ ಬಣ್ಣ ಬಿಡುತ್ತಿರಲಿಲ್ಲ. ಕಲ್ಲಿಕೋಟೆಯ ಹೆಸರಿನಿಂದ ಹುಟ್ಟಿದ ‘ಕ್ಯಾಲಿಕೊ’ ಎಂಬ ಪದವೇ ಲಂಡನ್ ನೇಕಾರರಿಗೆ ಬೈಗುಳವಾಯಿತು. 1697ರಲ್ಲಿ ಅವರು ಕಂಪನಿಯ ಕಚೇರಿಯ ಮೇಲೆ ನುಗ್ಗಿದರು. 1719ರಲ್ಲಿ ಕ್ಯಾಲಿಕೊ ಉಟ್ಟು ಬೀದಿಗೆ ಬಂದ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು. 1721ರಲ್ಲಿ ಸಂಸತ್ತು ಅಚ್ಚಿನ ಹತ್ತಿ ಬಟ್ಟೆಯ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಬಂಗಾಳದ ನೇಕಾರನ ಬಟ್ಟೆ ಲಂಡನ್ ಪ್ರವೇಶಿಸಬಾರದೆಂದು ಹೋರಾಡಿದ ಕೇರಿಯಲ್ಲಿ, ಎರಡೂವರೆ ಶತಮಾನದ ಬಳಿಕ ಬಂಗಾಳಿಗಳೇ ಬಂದು ಹೊಲಿಗೆ ಯಂತ್ರದ ಮುಂದೆ ಕುಳಿತರು.

ರೇಷ್ಮೆಯ ವೈಭವ ಬಹುಕಾಲ ಉಳಿಯಲಿಲ್ಲ. 1769ರಲ್ಲಿ ಕೂಲಿಗಾಗಿ ನಡೆದ ಗಲಭೆ ನೇಕಾರರನ್ನು ನೇಣಿಗೇರಿಸುವಲ್ಲಿ ಕೊನೆಗೊಂಡಿತು. ಕೂಲಿದರ ನಿಗದಿಪಡಿಸಿದ್ದ 1773ರ ಕಾಯ್ದೆಯೂ 1824ರಲ್ಲಿ ರದ್ದಾಯಿತು. ಅಷ್ಟರಲ್ಲಿ ಹ್ಯೂಗೆನೊಗಳ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷರನ್ನು ಮದುವೆಯಾಗಿ, ಹೆಸರು ಬದಲಿಸಿಕೊಂಡು, ಇಂಗ್ಲಿಷರೇ ಆಗಿಬಿಟ್ಟಿದ್ದರು. ಫ್ರೆಂಚ್ ಪ್ರವಚನ ಕೇಳಲು ಬರುವವರೇ ಇಲ್ಲವಾದರು. 1809ರಲ್ಲಿ ಕಟ್ಟಡ ಯಹೂದಿಗಳನ್ನು ಕ್ರೈಸ್ತರನ್ನಾಗಿಸಲು ಹುಟ್ಟಿದ ಸಂಸ್ಥೆಯೊಂದಕ್ಕೆ ಗೇಣಿಗೆ ಹೋಯಿತು. ಹತ್ತು ವರ್ಷ ನಡೆದ ಆ ಪ್ರಯತ್ನ ಹೇಳಿಕೊಳ್ಳುವಂತಹ ಫಲ ಕಾಣಲಿಲ್ಲ. 1819ರಿಂದ ಮೆಥಡಿಸ್ಟರು ಅಲ್ಲಿ ನೆಲೆಸಿದರು. ಅವರು ವಲಸಿಗರಲ್ಲ, ಇಂಗ್ಲೆಂಡಿನವರೇ. ಸುಮಾರು 80 ವರ್ಷ ಸದ್ದಿಲ್ಲದೆ ಇದ್ದು, ಸದ್ದಿಲ್ಲದೆ ಹೋದರು.

ಸಿನಗಾಗ್‌ನ ಎಪ್ಪತ್ತು ವರ್ಷ

ಯಹೂದಿಗಳನ್ನು ಮತಾಂತರಿಸಲು ಹೊರಟಿದ್ದ ಕಟ್ಟಡವನ್ನು ಕೊನೆಗೆ ಯಹೂದಿಗಳೇ ತಮ್ಮದಾಗಿಸಿಕೊಂಡರು. 1881ರಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾಯಿತು. ಅದರ ಬೆನ್ನಲ್ಲೇ ಆರಂಭವಾದ ಹಿಂಸಾಚಾರಗಳಿಂದ ತಪ್ಪಿಸಿಕೊಂಡು ಬಂದ ಪೂರ್ವ ಯೂರೋಪಿನ ಯಹೂದಿಗಳಿಗೆ ಬಂದರಿಗೆ ಹತ್ತಿರವಿದ್ದ, ಬಾಡಿಗೆ ಅಗ್ಗವಿದ್ದ ಈ ಕೇರಿಯೇ ಮೊದಲ ನಿಲ್ದಾಣವಾಯಿತು. ರೇಷ್ಮೆ ಮಗ್ಗದ ಅಟ್ಟಗಳಲ್ಲಿ ಈಗ ದರ್ಜಿಗಳು ಕುಳಿತರು. 1898ರಲ್ಲಿ ಕಟ್ಟಡ ಮಹಾ ಸಿನಗಾಗ್ ಆಗಿ ತೆರೆಯಿತು. ಅದನ್ನು ನಡೆಸಿದವರು ಮಾಝಿಕೆ ಹದಾತ್ ಎಂಬ ಕಟ್ಟಾ ಸಂಪ್ರದಾಯಸ್ಥ ಗುಂಪಿನವರು. ಇಂಗ್ಲೆಂಡಿನಲ್ಲಿ ಆಗಲೇ ನೆಲೆ ಕಂಡಿದ್ದ ಶ್ರೀಮಂತ ಯಹೂದಿಗಳ ಆಚಾರ ಸಡಿಲವಾಗಿದೆ, ಅವರ ಮೇಲ್ವಿಚಾರಣೆಯ ಮಾಂಸವನ್ನೂ ನಂಬುವಂತಿಲ್ಲ ಎಂಬುದು ಅವರ ತಕರಾರು. ಊರಿಗೆ ಹೊಂದಿಕೊಂಡ ಹಳಬರಿಗೂ, ಊರಿನ ರೀತಿಯನ್ನು ಶಂಕಿಸುವ ಹೊಸಬರಿಗೂ ನಡುವಿನ ಇಂತಹ ಜಗಳ ವಲಸಿಗ ಸಮುದಾಯಗಳಲ್ಲಿ ಮರುಕಳಿಸುತ್ತಲೇ ಇರುತ್ತದೆ. 1916ರಿಂದ 1919ರವರೆಗೆ ಇಲ್ಲಿ ರಬ್ಬಿಯಾಗಿದ್ದ ಅಬ್ರಹಾಂ ಐಸಾಕ್ ಕೂಕ್ ಮುಂದೆ ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೀನಿನಲ್ಲಿ ಅಶ್ಕೆನಾಜಿ ಯಹೂದಿಗಳ ಮೊದಲ ಮುಖ್ಯ ರಬ್ಬಿಯಾದರು.

ಬೀದಿಯಲ್ಲಿ ಮಾತ್ರ ವಾತಾವರಣ ಬಿಸಿಯಾಗಿತ್ತು. 1901ರಲ್ಲಿ ಹುಟ್ಟಿದ ‘ಬ್ರಿಟಿಷ್ ಬ್ರದರ್ಸ್ ಲೀಗ್’ ಯಹೂದಿ ವಲಸೆಯ ವಿರುದ್ಧ ಇದೇ ಪ್ರದೇಶದಲ್ಲಿ ಸಭೆ, ಮೆರವಣಿಗೆ ನಡೆಸಿತು. ಮನೆಬಾಡಿಗೆ ಏರಿದ್ದು, ಕೂಲಿ ಇಳಿದದ್ದು, ಭಾಷೆ ಕೆಟ್ಟದ್ದು ಎಲ್ಲದಕ್ಕೂ ಹೊಸಬರೇ ಹೊಣೆ ಎಂಬುದು ಅದರ ವಾದ. 1905ರ ವಿದೇಶಿಯರ ಕಾಯ್ದೆಯ ಹಿಂದೆ ಇದ್ದದ್ದು ಈ ಒತ್ತಡವೇ. ಆಧುನಿಕ ಬ್ರಿಟನ್ನಿನ ವಲಸೆ ನಿಯಂತ್ರಣ ಆರಂಭವಾದದ್ದು ಆ ಕಾಯ್ದೆಯಿಂದ. ಯಹೂದಿಗಳ ಮುಂದಿನ ಪೀಳಿಗೆ ಓದಿತು, ಸಂಪಾದಿಸಿತು, ಗೋಲ್ಡರ್ಸ್ ಗ್ರೀನ್‌ನಂತಹ ವಾಯವ್ಯ ಬಡಾವಣೆಗಳಿಗೆ ಹೋಯಿತು. ಎರಡನೆಯ ಮಹಾಯುದ್ಧದ ಬಾಂಬುಗಳು ಉಳಿದವರಲ್ಲೂ ಹಲವರನ್ನು ಚದುರಿಸಿದವು. 1970ರ ದಶಕದ ಹೊತ್ತಿಗೆ ಸಿನಗಾಗ್ ಬಣಗುಟ್ಟುತ್ತಿತ್ತು.

ಖಲಾಸಿಗಳಿಂದ ಕಾರ್ಮಿಕರವರೆಗೆ

ಸಿಲ್ಹೆಟ್ ಸಮುದ್ರ ತೀರದ ಊರಲ್ಲ. ಆದರೂ ಅಲ್ಲಿನ ಗಂಡಸರು ತಲೆಮಾರುಗಳಿಂದ ಹಡಗಿನವರು. ಕಲ್ಕತ್ತ ಬಂದರಿನಿಂದ ಹೊರಡುತ್ತಿದ್ದ ಬ್ರಿಟಿಷ್ ಹಡಗುಗಳ ಎಂಜಿನ್ ಕೋಣೆಗಳಲ್ಲಿ ಕಲ್ಲಿದ್ದಲು ಹಾಕುವ ನರಕಸದೃಶ ಕೆಲಸಕ್ಕೆ ಸಿಲ್ಹೆಟ್ಟಿನ ಖಲಾಸಿಗಳು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಅಸ್ಸಾಂ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯ ಬಹುಭಾಗ 1947ರ ಜನಮತಗಣನೆಯ ಬಳಿಕ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಲಂಡನ್ ಬಂದರಿನಲ್ಲಿ ಹಡಗು ಬಿಟ್ಟು ಇಳಿದ ಕೆಲವರು ಅಲ್ಲಿಯೇ ಅಡುಗೆಮನೆ, ಕಾಫಿ ಅಂಗಡಿಗಳಲ್ಲಿ ದುಡಿಮೆ ಹುಡುಕಿಕೊಂಡರು. ಒಬ್ಬನ ಬೆನ್ನಿಗೆ ಅಣ್ಣತಮ್ಮಂದಿರು, ಅವರ ಬೆನ್ನಿಗೆ ಊರಿನವರು.

1962ರ ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಮುಕ್ತ ಪ್ರವೇಶಕ್ಕೆ ಕಡಿವಾಣ ಹಾಕಿತಾದರೂ, ಬಾಗಿಲು ಮುಚ್ಚುವ ಮೊದಲು ಒಳಸೇರಬೇಕೆಂಬ ಧಾವಂತವನ್ನೂ ಅದೇ ಹುಟ್ಟಿಸಿತು. ಕೆಲವು ವರ್ಷ ದುಡಿದು ಮರಳಿ ಹೋಗುವೆವು ಎಂದುಕೊಂಡಿದ್ದವರು ಕಾನೂನು ಬಿಗಿಯಾದಂತೆ ಉಳಿದುಬಿಟ್ಟರು. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಬಳಿಕ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಹೆಚ್ಚಾಯಿತು. ಒಂಟಿ ಗಂಡಸರ ಬಿಡಾರ ಸಂಸಾರಸ್ಥರ ಕೇರಿಯಾಯಿತು. ಒಂಟಿ ಗಂಡಸರಿಗೆ ಯಾರದೋ ಕೋಣೆಯಲ್ಲಿ ಚಾಪೆ ಹಾಸಿ ನಮಾಜು ಮಾಡಿದರೂ ನಡೆಯುತ್ತಿತ್ತು. ಸಂಸಾರ ಬಂದ ಮೇಲೆ ಮದುವೆ, ಮಕ್ಕಳ ಕುರಾನ್ ಪಾಠ, ಸಾವು ಎಲ್ಲದಕ್ಕೂ ಒಂದು ನೆಲೆ ಬೇಕಾಯಿತು. ಖಾಲಿ ಬಿದ್ದಿದ್ದ ಸಿನಗಾಗ್ ಕಟ್ಟಡವನ್ನು ಸಮುದಾಯ ಕೊಂಡುಕೊಂಡಿತು. 1976ರಲ್ಲಿ ಅದು ಜಾಮೆ ಮಸೀದಿಯಾಗಿ ಬಾಗಿಲು ತೆರೆಯಿತು.

ಅದೇ ವರ್ಷ ವಸತಿಗಾಗಿಯೂ ಹೋರಾಟ ಶುರುವಾಯಿತು. ನಗರಾಡಳಿತದ ಮನೆಗಳು ತಮಗೆ ಸಿಗುತ್ತಿಲ್ಲವೆಂದು ಬಂಗಾಳಿ ಕುಟುಂಬಗಳು ಖಾಲಿ ಕಟ್ಟಡಗಳಿಗೆ ನುಗ್ಗಿ ವಾಸ ಹೂಡಿದವು. ಬೆಂಗಾಲಿ ಹೌಸಿಂಗ್ ಆ್ಯಕ್ಷನ್ ಗ್ರೂಪ್ ಎಂಬ ಅವರ ಸಂಘಟನೆಯ ಮೊದಲಕ್ಷರಗಳನ್ನು ಕೂಡಿಸಿದರೆ ಬಂಗಾಳಿಯಲ್ಲಿ ಹುಲಿ ಎಂದು ಕೇಳಿಸುವ ಪದವಾಗುತ್ತಿತ್ತು. ಹುಲಿಯ ಹೆಸರು ಸುಮ್ಮನೆ ಇಟ್ಟದ್ದಲ್ಲ. ದಕ್ಷಿಣ ಏಷ್ಯದವರ ಮೇಲೆ ಹಲ್ಲೆ ನಡೆಸುವುದು ಆ ದಿನಗಳಲ್ಲಿ ಕೆಲವು ಪುಂಡರ ಗುಂಪುಗಳಿಗೆ ಆಟವಾಗಿತ್ತು. ನ್ಯಾಷನಲ್ ಫ್ರಂಟ್ ಕಾರ್ಯಕರ್ತರು ಭಾನುವಾರದ ಸಂತೆಯ ದಿನ ಬ್ರಿಕ್ ಲೇನ್ ತುದಿಯಲ್ಲಿ ನಿಂತು ಪತ್ರಿಕೆ ಮಾರುತ್ತಿದ್ದರು.

1978ರ ಮೇ 4, ಸ್ಥಳೀಯ ಚುನಾವಣೆಯ ದಿನ. ಅಲ್ತಾಬ್ ಅಲಿ ಎಂಬ ತರುಣ ಬಟ್ಟೆ ಕಾರ್ಮಿಕ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ವೈಟ್‌ಚಾಪೆಲ್‌ನ ಸೇಂಟ್ ಮೇರಿ ಉದ್ಯಾನದ ಬಳಿ ಅವರನ್ನು ಇರಿದು ಕೊಲ್ಲಲಾಯಿತು. ಹತ್ತು ದಿನಗಳ ಬಳಿಕ ಸುಮಾರು ಏಳು ಸಾವಿರ ಮಂದಿ ಅವರ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ನಿವಾಸದತ್ತ ನಡೆದರು. ಬ್ರಿಟನ್ನಿನ ಬಾಂಗ್ಲಾ ಸಮುದಾಯದ ರಾಜಕೀಯ ಬದುಕು ಅಲ್ಲಿಂದ ಲೆಕ್ಕಕ್ಕೆ ಬರುತ್ತದೆ. ಈ ಹೋರಾಟದ ಮುಂಚೂಣಿಯಲ್ಲಿದ್ದದ್ದು ಮಸೀದಿಯಲ್ಲ, ಯುವಜನ ಸಂಘಟನೆಗಳು ಮತ್ತು ಎಡಪಂಥೀಯ ಗೆಳೆಯರು ಎಂಬುದು ಗಮನಾರ್ಹ. ಮಸೀದಿ ಹಿರಿಯರ ಜಾಗವಾಗಿತ್ತು. ಬೀದಿ ಕಿರಿಯರದಾಗಿತ್ತು. ಕೊಲೆ ನಡೆದ ಉದ್ಯಾನಕ್ಕೆ 1998ರಲ್ಲಿ ಅಲ್ತಾಬ್ ಅಲಿಯ ಹೆಸರನ್ನಿಡಲಾಯಿತು. ಮರುವರ್ಷವೇ, 1999ರ ಏಪ್ರಿಲ್ 24ರಂದು, ಬ್ರಿಕ್ ಲೇನ್‌ನಲ್ಲಿ ಮೊಳೆ ತುಂಬಿದ ಬಾಂಬ್ ಸಿಡಿದು ಹಲವರು ಗಾಯಗೊಂಡರು. ಬ್ರಿಕ್ಸ್‌ಟನ್ ಮತ್ತು ಸೋಹೊಗಳಲ್ಲೂ ಬಾಂಬ್ ಇಟ್ಟಿದ್ದ ನವನಾಜಿಯೊಬ್ಬನ ಕೃತ್ಯ ಅದು.

ಮೀನಾರಿನ ಪ್ರಶ್ನೆ

ಬ್ರಿಕ್ ಲೇನ್ ಮಸೀದಿಯೊಂದೇ ಆ ಪ್ರದೇಶದ ಮುಸ್ಲಿಮರ ಕೇಂದ್ರವಲ್ಲ. ಹತ್ತು ನಿಮಿಷದ ನಡಿಗೆಯ ದೂರದಲ್ಲಿ ವೈಟ್‌ಚಾಪೆಲ್ ರಸ್ತೆಯಲ್ಲಿ ಈಸ್ಟ್ ಲಂಡನ್ ಮಸೀದಿ ಇದೆ. ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸೈಯದ್ ಅಮೀರ್ ಅಲಿ ಮತ್ತು ಆಗಾ ಖಾನ್ ಮುಂತಾದವರು 1910ರಲ್ಲಿ ಆರಂಭಿಸಿದ ನಿಧಿಯಿಂದ ಹುಟ್ಟಿ, 1941ರಲ್ಲಿ ಮೂರು ಮನೆಗಳನ್ನು ಸೇರಿಸಿದ ಬಿಡಾರದಲ್ಲಿ ಮೊದಲ್ಗೊಂಡು, 1985ರಲ್ಲಿ ಗುಮ್ಮಟ ಮೀನಾರುಗಳ ಹೊಸ ಕಟ್ಟಡಕ್ಕೆ ಬಂದ ಸಂಸ್ಥೆ ಅದು. ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ಯುವಕರನ್ನು ಹೆಚ್ಚು ಸೆಳೆದದ್ದೂ ಅದೇ. ಬ್ರಿಕ್ ಲೇನ್ ಮಸೀದಿ ಸಿಲ್ಹೆಟ್ಟಿನ ಹಳ್ಳಿಗಳಿಂದ ಬಂದ ಸೂಫಿ ಒಲವಿನ ಆಚರಣೆಗೆ ಹತ್ತಿರವಾಗಿ ಉಳಿಯಿತು. ಈಸ್ಟ್ ಲಂಡನ್ ಮಸೀದಿಯ ಬೆನ್ನಿಗೇ ಇದ್ದ ಫೀಲ್ಡ್‌ಗೇಟ್ ಬೀದಿಯ ಸಿನಗಾಗ್ ಕೂಡ ಭಕ್ತರಿಲ್ಲದೆ ಮುಚ್ಚಿ, 2015ರಲ್ಲಿ ಆ ಮಸೀದಿಗೇ ಮಾರಾಟವಾಯಿತು.

ಬ್ರಿಕ್ ಲೇನ್ ಕಟ್ಟಡಕ್ಕೆ ಪಾರಂಪರಿಕ ಕಟ್ಟಡವೆಂಬ ರಕ್ಷಣೆ ಇದೆ. ಮನಸ್ಸಿಗೆ ಬಂದಂತೆ ಒಡೆದು ಕಟ್ಟುವಂತಿಲ್ಲ. ಹೀಗಾಗಿ ಮೂರು ದಶಕಗಳಿಗೂ ಹೆಚ್ಚು ಕಾಲ ಹೊರಗಿನಿಂದ ನೋಡಿದವರಿಗೆ ಅದು ಮಸೀದಿ ಎಂದು ತಿಳಿಯುತ್ತಲೇ ಇರಲಿಲ್ಲ. 2009ರ ಕೊನೆಯಲ್ಲಿ ಅದರ ಪಕ್ಕದಲ್ಲಿ ಸುಮಾರು 29 ಮೀಟರ್ ಎತ್ತರದ, ರಾತ್ರಿ ಬೆಳಕು ಬೀರುವ ಉಕ್ಕಿನ ಮೀನಾರೊಂದು ಎದ್ದಿತು. ಹತ್ತಿ ನಿಂತು ಆಜಾನ್ ಕೂಗುವ ಮೀನಾರಲ್ಲ, ಗುರುತಿನ ಕಂಬ ಮಾತ್ರ. ಬೀದಿಯನ್ನು ಪ್ರವಾಸಿ ತಾಣವಾಗಿ ಸಿಂಗರಿಸುವ ಸ್ಥಳೀಯ ಆಡಳಿತದ ಯೋಜನೆಯ ಅಂಗವಾಗಿ ಅದು ಬಂತು. ಇದೇ ಉತ್ಸಾಹದಲ್ಲಿ 2010ರಲ್ಲಿ ಹಿಜಾಬಿನ ಆಕಾರದ ಕಮಾನುಗಳನ್ನು ನಿಲ್ಲಿಸುವ ಪ್ರಸ್ತಾಪವೂ ಬಂದು, ಮುಸ್ಲಿಮರೂ ಸೇರಿದಂತೆ ಸ್ಥಳೀಯರ ವಿರೋಧದಿಂದ ಕೈಬಿಡಬೇಕಾಯಿತು. ಒಂದು ಸಮುದಾಯದ ಗುರುತನ್ನು ಆಡಳಿತವೇ ಫಲಕವಾಗಿ ನೇತುಹಾಕಲು ಹೊರಟಾಗ ಆಗುವ ಮುಜುಗರ ಅದು. ವಿಪರ್ಯಾಸವೆಂದರೆ, ಗುರುತಿನ ಕಂಬ ಏಳುವ ಹೊತ್ತಿಗೆ ಆ ಗುರುತಿನ ಜನ ಬೀದಿಯಿಂದ ಕರಗತೊಡಗಿದ್ದರು.

ಈ ಬಾರಿ ಬರುತ್ತಿರುವವರು ಬಡವರಲ್ಲ

ಈ ಸೂರಿನ ಕೆಳಗಿನ ಬದಲಾವಣೆಗಳಲ್ಲಿ ಒಂದು ಕ್ರಮವಿತ್ತು. ಹಳಬರು ಸ್ಥಿತಿವಂತರಾಗಿ ಹೊರಟರು, ಅವರಿಗಿಂತ ಬಡವರಾದ ಹೊಸಬರು ಬಂದರು. ಈ ಸಲ ಲೆಕ್ಕ ತಿರುಗುಮುರುಗಾಗಿದೆ. ಬ್ರಿಕ್ ಲೇನ್‌ನಿಂದ ಕೂಗಳತೆಯಲ್ಲಿ ಲಂಡನ್ನಿನ ಹಣಕಾಸು ವಲಯವಿದೆ. 1980ರ ದಶಕದ ಬಳಿಕ ಅದರ ಗಾಜಿನ ಗೋಪುರಗಳು ಸ್ಪಿಟಲ್‌ಫೀಲ್ಡ್ಸ್ ಅಂಚಿಗೇ ಬಂದು ನಿಂತವು. ಹ್ಯೂಗೆನೊ ನೇಕಾರರ ಮನೆಗಳ ಬೆಲೆ ಇಂದು ದಶಲಕ್ಷಗಟ್ಟಲೆ ಪೌಂಡು.

ಸ್ಪಿಟಲ್‌ಫೀಲ್ಡ್ಸ್ ವಾರ್ಡಿನ ಹೆಸರಿಗೆ ‘ಬಾಂಗ್ಲಾಟೌನ್’ ಸೇರಿಕೊಂಡದ್ದು ಈ ಶತಮಾನದ ಆರಂಭದಲ್ಲಿ. ಆಗ ಅಲ್ಲಿನ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಂಗ್ಲಾ ಮೂಲದವರು. 2011ರ ಗಣತಿಯ ಹೊತ್ತಿಗೆ ಅವರ ಪಾಲು ಶೇ 41ರ ಆಸುಪಾಸಿಗೆ ಇಳಿದಿತ್ತು. ಇಡೀ ಟವರ್ ಹ್ಯಾಮ್ಲೆಟ್ಸ್ ಆಡಳಿತ ಪ್ರದೇಶವನ್ನು ತೆಗೆದುಕೊಂಡರೆ ಚಿತ್ರ ಬೇರೆ. 2021ರ ಗಣತಿಯಲ್ಲಿ ಅಲ್ಲಿನ ಜನಸಂಖ್ಯೆಯ ಶೇ 39.9 ಮಂದಿ ಮುಸ್ಲಿಮರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿಯೇ ಇದು ಅತ್ಯಧಿಕ ಪ್ರಮಾಣ. ಬಾಂಗ್ಲಾ ಮೂಲದವರು ಶೇ 34.6. ಅಂದರೆ ಸಮುದಾಯ ಅಳಿಯುತ್ತಿಲ್ಲ, ಬ್ರಿಕ್ ಲೇನ್‌ನಿಂದ ಪೂರ್ವಕ್ಕೆ ಸರಿಯುತ್ತಿದೆ. ಹೊಸ ಸಂಸಾರಗಳಿಗೆ ನ್ಯೂಹ್ಯಾಮ್, ರೆಡ್‌ಬ್ರಿಜ್, ಬಾರ್ಕಿಂಗ್ ಕಡೆ ಮನೆ ಎಟುಕುತ್ತದೆ, ಮಸೀದಿಯ ಹಿಂದಿನ ಬೀದಿಯಲ್ಲಿ ಎಟುಕುವುದಿಲ್ಲ.

ಬೀದಿಯ ಆರ್ಥಿಕತೆಯೂ ಹಾಗೆಯೇ. ‘ಕರಿ’ ಹೋಟೆಲುಗಳಿಗೆ ಹೆಸರಾದ ಬ್ರಿಕ್ ಲೇನ್‌ನಲ್ಲಿ 2000ದ ದಶಕದ ಮಧ್ಯಭಾಗದಲ್ಲಿ ಅಂತಹ 60 ಹೋಟೆಲುಗಳಿದ್ದವು. 2020ರಲ್ಲಿ ಉಳಿದದ್ದು 23 ಎಂದು ರನ್ನಿಮೀಡ್ ಟ್ರಸ್ಟ್ ಸಂಸ್ಥೆಯ ವರದಿ ಲೆಕ್ಕ ಹಾಕಿತು. ಬಾಡಿಗೆ ಏರಿತು, ಬಾಣಸಿಗರನ್ನು ಊರಿನಿಂದ ಕರೆಸಲು ವೀಸಾ ನಿಯಮ ಅಡ್ಡ ಬಂತು, ಒಲೆಯ ಮುಂದೆ ಬೆಂದ ಅಪ್ಪಂದಿರ ಮಕ್ಕಳು ಅದೇ ಒಲೆಗೆ ಮರಳಲು ಒಪ್ಪಲಿಲ್ಲ. ಮೂರನೆಯ ಕಾರಣವನ್ನು ನಷ್ಟವೆಂದು ಕರೆಯಲು ಬರುವುದಿಲ್ಲ.

ಈ ಹಣಾಹಣಿಯ ಕೇಂದ್ರ ಈಗ ಮಸೀದಿಯ ಅದೇ ಬೀದಿಯಲ್ಲಿರುವ ಹಳೆಯ ಟ್ರೂಮನ್ ಬಿಯರ್ ಕಾರ್ಖಾನೆ. ಮದ್ಯ ತಯಾರಿಕೆ ನಿಂತು ದಶಕಗಳಾಗಿರುವ ಆ ವಿಶಾಲ ಆವರಣದ ಒಂದು ಭಾಗದಲ್ಲಿ ಕಚೇರಿ ಮತ್ತು ಅಂಗಡಿ ಸಂಕೀರ್ಣ ಕಟ್ಟುವ ಯೋಜನೆಗೆ ಏಳು ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದಿದ್ದವು. ಆದರೂ 2021ರ ಸೆಪ್ಟೆಂಬರಿನಲ್ಲಿ ಟವರ್ ಹ್ಯಾಮ್ಲೆಟ್ಸ್ ಸಮಿತಿ ಎರಡಕ್ಕೆ ಒಂದು ಮತದಿಂದ ಅನುಮತಿ ನೀಡಿತು. ಹಿಂದಿನ ಸಭೆಗೆ ಬಾರದ ಸದಸ್ಯರಿಗೆ ಮತ ನಿರಾಕರಿಸಿದ್ದನ್ನು ಪಾರಂಪರಿಕ ಕಟ್ಟಡಗಳ ರಕ್ಷಣೆಗಿರುವ ಸ್ಪಿಟಲ್‌ಫೀಲ್ಡ್ಸ್ ಟ್ರಸ್ಟ್ ಪ್ರಶ್ನಿಸಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲ್ಮನವಿಯನ್ನು ತಳ್ಳಿಹಾಕಿತು. ಇನ್ನೂ ದೊಡ್ಡದಾದ ಎರಡನೆಯ ಯೋಜನೆಯನ್ನು ಅದೇ ವರ್ಷದ ಜುಲೈನಲ್ಲಿ ಸ್ಥಳೀಯ ಸಮಿತಿ ವಿರೋಧಿಸಿತು. ಪ್ರಕರಣ ಸಾರ್ವಜನಿಕ ವಿಚಾರಣೆಗೆ ಹೋಯಿತು. ವಿರೋಧಿಸುವವರ ಬೇಡಿಕೆ ಕಚೇರಿ ಬೇಡವೆಂಬುದಷ್ಟೇ ಅಲ್ಲ, ಅಲ್ಲಿ ಕೈಗೆಟುಕುವ ಮನೆಗಳಾಗಲಿ ಎಂಬುದು. 1976ರಲ್ಲಿ ಖಾಲಿ ಕಟ್ಟಡಗಳಿಗೆ ನುಗ್ಗಿದ ಕುಟುಂಬಗಳು ಕೇಳಿದ್ದೂ ಮನೆಯನ್ನೇ.

ಮಸೀದಿಯ ಒಡೆತನಕ್ಕೆ ಇದರಿಂದ ಧಕ್ಕೆಯೇನೂ ಇಲ್ಲ. ಕಟ್ಟಡ ಸಮುದಾಯದ್ದೇ, ಕಾನೂನಿನ ರಕ್ಷಣೆಯೂ ಇದೆ. ಆದರೆ ಹ್ಯೂಗೆನೊಗಳಿಗೂ ಯಹೂದಿಗಳಿಗೂ ಕಟ್ಟಡವನ್ನು ಯಾರೂ ಕಸಿದುಕೊಂಡಿರಲಿಲ್ಲ. ಐದು ಹೊತ್ತಿನ ನಮಾಜು ನಡೆದು ಬರುವಷ್ಟು ಹತ್ತಿರದವರನ್ನು ನೆಚ್ಚಿರುತ್ತದೆ. ದೂರದವರು ಶುಕ್ರವಾರಕ್ಕೋ ಈದ್‌ಗೋ ರೈಲು ಹತ್ತಿ ಬರಬಹುದು. ಫೋರ್ನಿಯರ್ ಬೀದಿಯ ಗೋಡೆಯ ಕೆಳಗೆ ಶುಕ್ರವಾರ ಮಧ್ಯಾಹ್ನ ಈಗಲೂ ಜನ ನೆರೆಯುತ್ತಾರೆ. ನಮಾಜು ಮುಗಿದೊಡನೆ ಅವರಲ್ಲಿ ಹಲವರು ವೈಟ್‌ಚಾಪೆಲ್ ನಿಲ್ದಾಣದ ದಾರಿ ಹಿಡಿಯುತ್ತಾರೆ.